ಎಂಜಿನ್ನಿನ ಮೂಗಿಗೆ ವಿಭೂತಿ

ಕಾರ್ಬ್ಯುರೇಟರ್ ಗಾಡಿಗಳ ಕಾಲದಲ್ಲಿ ಶಿವಾಜಿನಗರದಲ್ಲಿ ನನ್ನ ಕಿವಿಗೆ ಒಂದು ಹೆಸರಿತ್ತು. ನನಗಲ್ಲ, ನನ್ನ ಕಿವಿಗೆ. ಪೀರಪ್ಪ ಅಂದರೆ ಯಾವ ಪೀರಪ್ಪ ಅನ್ನುತ್ತಿದ್ದ ಜನ, ‘ಅದೇ ಕಣ್ರೀ, ಅಕ್ತರ್ ಗ್ಯಾರೇಜಿನ ಕಿವಿ’ ಅಂದರೆ ಗಲ್ಲಿಯ ಬಾಗಿಲ ತನಕ ಕರೆದುಕೊಂಡು ಬಂದು ಬಿಡುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿನ ಮೇಲೆ, ಮರದ ಹಿಡಿ ಕಿವಿಯ ಮೇಲೆ. ಕಣ್ಣು ಮುಚ್ಚಿ ನಿಂತರೆ ಯಾವ ವಾಲ್ವ್ ಸಡಿಲ, ಎಲ್ಲಿಂದ ಗಾಳಿ ಸೋರುತ್ತಿದೆ, ಎಲ್ಲವನ್ನೂ ಒಳಗಿನಿಂದ ಯಾರೋ ಚಾಡಿ ಹೇಳಿದ ಹಾಗೆ ಕೇಳಿಸುತ್ತಿತ್ತು. ಜಂಬ ಇತ್ತು, ಇಲ್ಲ ಅನ್ನುವುದಿಲ್ಲ. ಇರಬೇಕಾದ್ದೇ.

ಆ ಕಿವಿ ಕೈಕೊಟ್ಟಿತು.

ಮೊದಲು ಗೊತ್ತಾದದ್ದು ನನಗಲ್ಲ, ಹೆಂಡತಿ ಹುಸೇನಮ್ಮನಿಗೆ. ಕೆ.ಆರ್. ಪುರದ ನಮ್ಮ ಬಾಡಿಗೆ ರೂಮಿನಲ್ಲಿ ಕುಕ್ಕರ್ ಇಟ್ಟು, ‘ಸೀಟಿ ಹೊಡದ್ರ ಆರಸ್ರಿ’ ಅಂದು ಅವಳು ನೀರಿಗೆ ಹೋಗಿದ್ದಳು. ನಾನು ಒಲೆಯ ಪಕ್ಕದಲ್ಲೇ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆಯುತ್ತಿದ್ದೆ. ಅವಳು ಬರುವ ಹೊತ್ತಿಗೆ ರೂಮಿನ ತುಂಬ ಸೀದ ವಾಸನೆ.

“ಕೇಳಸಲಿಲ್ಲೇನು?” ಅಂದಳು.

“ಕೇಳ್ಸಿತ್ತು. ಮರತೆ. ಅದಕ್ಕೇನು ಈಗ?” ಎಂದು ರೇಗಿದೆ.

ಸ್ವಲ್ಪ ಹೊತ್ತಿನ ಮೇಲೆ ನನ್ನ ಮುಂದೆ ಬಂದು ನಿಂತಾಗ ಅವಳ ಕಣ್ಣು ತುಂಬಿದ್ದವು. ಬೆನ್ನ ಹಿಂದೆ ನಿಂತು ನನ್ನ ಹೆಸರು ಹಿಡಿದು ಕರೆದಿದ್ದಳಂತೆ. ಗಂಡನ ಹೆಸರನ್ನು ಯಾವತ್ತೂ ಬಾಯಲ್ಲಿ ಆಡದವಳು ಅವತ್ತು ಮತ್ತೆ ಮತ್ತೆ ಕರೆದಳಂತೆ, ನಾನು ತಿರುಗಿ ನೋಡಲಿಲ್ಲವಂತೆ. ಬೌರಿಂಗ್ ಆಸ್ಪತ್ರೆಗೆ ತೋರಿಸೋಣ ಎಂದು ಗೋಗರೆದಳು. ಯಾರಿಗಾದರೂ ಬಾಯಿ ಬಿಟ್ಟರೆ ನೋಡು ಎಂದು ಅವಳ ಬಾಯಿ ಮುಚ್ಚಿಸಿದೆ.

ಎದುರಿಗೆ ನಿಂತು ಆಡಿದ ಮಾತು ಕೇಳುತ್ತಿತ್ತು. ತೆಳ್ಳನೆಯ ಸದ್ದುಗಳು ಪೂರಾ ಹೋಗಿದ್ದವು. ದೊಡ್ಡ ಸದ್ದುಗಳೆಲ್ಲ ಒಂದರೊಳಗೊಂದು ಕಲಸಿ ಮುದ್ದೆಯಾಗಿದ್ದವು. ಕಿವಿ ಇಲ್ಲದ ಪೀರಪ್ಪ ಅಕ್ತರ್ ಗ್ಯಾರೇಜಿಗೆ ಯಾತಕ್ಕೆ ಬೇಕು? ನಟ್ಟು ಬಿಚ್ಚುವವರು ಬೀದಿಗೊಬ್ಬರು ಸಿಗುತ್ತಾರೆ. ಯಾದಗಿರಿ ಕಡೆಯಿಂದ ಬಂದವನಿಗೆ ಈ ಊರಿನಲ್ಲಿ ಇದ್ದ ಮರ್ಯಾದೆ ಅದೊಂದೇ. ಅದೂ ಹೋಯಿತು ಅಂತ ಗೊತ್ತಾದ ದಿನ ನನ್ನ ಕೆಲಸವೂ ಹೋದ ಹಾಗೆಯೇ. ಅದನ್ನು ಮುಚ್ಚಿಟ್ಟುಕೊಂಡು ಒಂದು ವರ್ಷ ತಳ್ಳಿದ್ದೆ.

ಇದರ ಮೇಲೆ ಇಂಜೆಕ್ಷನ್ ಗಾಡಿಗಳು ಬೇರೆ ಬಂದಿದ್ದವು. ಎರಡು ಸಾವಿರದ ಎರಡನೇ ಇಸವಿಯ ಮಾತು. ಕಾರ್ಬ್ಯುರೇಟರ್ ಇಲ್ಲ, ತಿರುಪಲು ಒಂದು ಸ್ಕ್ರೂ ಇಲ್ಲ. ಎಲ್ಲೋ ಮೂಲೆಯಲ್ಲಿ ಒಂದು ಕಂಪ್ಯೂಟರ್ ಡಬ್ಬಿ ಕೂತು ಪೆಟ್ರೋಲ್ ಎಷ್ಟು ಬೇಕು ಅಂತ ತೀರ್ಮಾನ ಮಾಡುತ್ತದೆ. ಇದೆಂಥ ಎಂಜಿನ್ನು, ಮಾತಾಡಿಸಿದರೆ ಮಾತಾಡದ್ದು ಎಂದು ನಾನು ಬೈಯುತ್ತಲೇ ಇದ್ದೆ.

ವಿಜಯದಶಮಿಯ ಮಾರನೇ ದಿನ ಹಗ್ಗ ಕಟ್ಟಿಸಿಕೊಂಡು ಒಂದು ಬಿಳಿ ಕಾರು ಬಂತು. ಮುಂದೆ ಬಾಡಿದ ಚೆಂಡುಹೂವಿನ ಹಾರ, ಬಾಗಿಲಿಗೆ ಕಟ್ಟಿದ್ದ ಬಾಳೆಕಂದು ಇನ್ನೂ ಹಾಗೆಯೇ ಇತ್ತು. ಇಳಿದವರು ತಂದೆ, ಮಗಳು. ಮಗಳು ವಿಮಲಾಕ್ಷಿ ಮೇಡಂ. ವಿಮಾನಪುರದಲ್ಲಿ ವಿಮಾನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಮನೆ, ಅಲ್ಲೇ ಮೀಟರುಗಳನ್ನು ಪರೀಕ್ಷೆ ಮಾಡುವ ಕಡೆ ಕೆಲಸ. ತಂದೆ ಚಂದ್ರಶೇಖರಯ್ಯನವರು, ಕಲಬುರ್ಗಿ ಕಡೆಯ ಜಂಗಮರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಮಡಿ ವಸ್ತ್ರ. ನಮ್ಮ ಕಡೆಯವರು ಅಂತ ಗೊತ್ತಾದ ಕೂಡಲೇ ನಾನು ಸ್ಪ್ಯಾನರ್ ಕೆಳಗಿಟ್ಟು ಕೈಮುಗಿದೆ.

“ಏನಾಯ್ತು ಮೇಡಂ?” ಅಂದ ನಮ್ಮ ಮಾಲೀಕ ಅಕ್ತರ್ ಭಾಯ್.

“ಆಯುಧಪೂಜೆ ಸಂಜೆಯಿಂದ ಹೀಗೆ. ಸ್ಟಾರ್ಟ್ ಆಗತ್ತೆ, ಕಪ್ಪು ಹೊಗೆ ಬಿಡತ್ತೆ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ್ರೆ ನಿಂತುಬಿಡತ್ತೆ. ಪೆಟ್ರೋಲ್ ಅಂತೂ ನೀರಿನ ಥರ ಕುಡೀತಿದೆ.”

ಅಕ್ತರ್ ಭಾಯ್ ನನ್ನ ಕಡೆ ತಿರುಗಿ ಹಳೇ ಜಂಬದಲ್ಲೇ ಹೇಳಿದ. “ಪೀರಪ್ಪ, ಕಿವಿ ಇಟ್ಟು ನೋಡು ಯಾರ್. ನಮ್ಮ ಪೀರಪ್ಪ ಇಡೀ ಕ್ಯಾಂಟೋನ್ಮೆಂಟಿಗೆ ಒಬ್ಬನೇ ಮೇಡಂ.”

ಕರೆಂಟು ಹೋಗಿ ಪಕ್ಕದ ಅಂಗಡಿಯ ಜನರೇಟರ್ ಬೇರೆ ಓಡುತ್ತಿತ್ತು. ಮೇಡಂ ಸ್ಟೇರಿಂಗ್ ಹಿಂದೆ ಕೂತು ಗಾಡಿ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ತುಳಿದು ಹಿಡಿದರು. ನಾನು ಬಗ್ಗಿ, ಸ್ಕ್ರೂಡ್ರೈವರ್ ಊರಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದೆ. ಏನೂ ಕೇಳಲಿಲ್ಲ. ಒಂದು ಸಣ್ಣ ನಡುಕ ಮಾತ್ರ ಹಿಡಿಯಿಂದ ಕಿವಿಯ ಹಿಂದಿನ ಎಲುಬಿಗೆ ತಾಗುತ್ತಿತ್ತು. ನನ್ನ ಪಾಲಿಗೆ ಉಳಿದದ್ದು ಅದಿಷ್ಟೇ ಎಂದು ಅದನ್ನೇ ನಂಬಿಕೊಂಡು ಬಹಳ ಹೊತ್ತು ನಿಂತೆ. ಎಷ್ಟು ನಿಂತರೂ ಅದು ನಡುಕವಾಗಿಯೇ ಇತ್ತು, ಮಾತಾಗಲಿಲ್ಲ.

ಕಣ್ಣು ತೆರೆದಾಗ ಮೇಡಂ ಆಗಲೇ ಗಾಡಿ ಇಳಿದು ನನ್ನ ಎದುರಿಗೆ ನಿಂತಿದ್ದರು. ಅಯ್ಯನವರೂ ಅಕ್ತರ್ ಭಾಯ್ ಕೂಡ ನನ್ನನ್ನೇ ನೋಡುತ್ತಿದ್ದರು.

“ಇದು ಬಾಯಿ ಬಿಡೋ ಗಾಡಿ ಅಲ್ಲ. ಬಿಚ್ಚಿ ನೋಡ್ಬೇಕು,” ಎಂದು ಗುರುಗುಟ್ಟಿದೆ. ಅಕ್ತರ್ ಭಾಯ್ ಏನೂ ಕೇಳಲಿಲ್ಲ. ‘ಹೂಂ, ಬಿಚ್ಚು’ ಅಂದ, ಅಷ್ಟೇ. ಬಚಾವಾದೆ ಅಂದುಕೊಂಡೆ.

ಅಯ್ಯನವರನ್ನು ಆಟೋ ಹತ್ತಿಸಿ ಕಳಿಸೋಣ ಅಂದರೆ ಅವರು ಒಪ್ಪಲಿಲ್ಲ. “ಗಾಡಿ ರೆಡಿ ಆಗೋತನ ನಾ ಏಳಂಗಿಲ್ಲ,” ಎಂದು ಹಳೆಯ ಟೈರಿನ ಮೇಲೆ ವಸ್ತ್ರ ಹಾಸಿಕೊಂಡು ಕೂತುಬಿಟ್ಟರು.

ಕಿವಿ ಇಲ್ಲದ ಮೇಲೆ ಕೈಯಿಂದ ಹುಡುಕಬೇಕಲ್ಲ. ಎಂಜಿನ್ನಿನ ಹಿಂದುಗಡೆಯಿಂದ ಒಂದು ರಬ್ಬರ್ ಪೈಪು ಹೊರಟು, ಬಾನೆಟ್ಟಿನ ಒಳಗಿನ ಗೋಡೆಗೆ ಅಂಟಿಸಿದ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿಯೊಂದಕ್ಕೆ ಸೇರಿತ್ತು. ಡಬ್ಬಿಯಿಂದ ವೈರು ಕಂಪ್ಯೂಟರಿಗೆ. ಸೆನ್ಸರ್ ಅಂತ ಹೆಸರು ಗೊತ್ತಿತ್ತು, ಅದು ಏನು ಮಾಡುತ್ತದೆ ಅಂತ ತಲೆ ಕೆಡಿಸಿಕೊಂಡಿರಲಿಲ್ಲ. ಅಕ್ತರ್ ಭಾಯ್ ಕೈಲಿ ಗಾಡಿ ಸ್ಟಾರ್ಟ್ ಮಾಡಿಸಿ, ಆಕ್ಸಿಲರೇಟರ್ ತುಳಿದು ಹಿಡಿಸಿ, ಆ ಡಬ್ಬಿಯ ಕಡೆಯ ಪೈಪಿನ ತುದಿ ಕಿತ್ತೆ. ಗಾಳಿ ಎಳೆಯುತ್ತಿದೆಯೋ ಇಲ್ಲವೋ ಎಂದು ಹೆಬ್ಬೆರಳು ಅಡ್ಡ ಇಟ್ಟೆ.

ಎಂಜಿನ್ ನನ್ನ ಹೆಬ್ಬೆರಳನ್ನು ಹಿಡಿದುಕೊಂಡಿತು.

ಹಾಲು ಕುಡಿಯುವ ಕರುವಿನ ಬಾಯಿಗೆ ಬೆರಳು ಕೊಟ್ಟ ಹಾಗೆ. ಬಿಡಿಸಿಕೊಳ್ಳಲು ಹೋದರೆ ಇನ್ನೂ ಎಳೆಯಿತು. ಇಷ್ಟು ವರ್ಷ ಎಂಜಿನ್ನುಗಳ ಸೊಂಟ ಮುರಿದವನು ನಾನು, ಎಂಜಿನ್ ಉಸಿರೆಳೆಯುತ್ತದೆ ಅಂತ ಬಾಯಲ್ಲಿ ಹೇಳುತ್ತಲೂ ಇದ್ದೆ. ಆದರೆ ಅದರ ಉಸಿರು ಹೀಗೆ ನನ್ನ ಚರ್ಮಕ್ಕೆ ಬಂದು ಅಂಟಿರಲಿಲ್ಲ. ಕಿವಿ ಚೆನ್ನಾಗಿದ್ದ ಕಾಲದಲ್ಲಿ ಬೆರಳು ಇಡುವ ಗರಜೇ ಬಿದ್ದಿರಲಿಲ್ಲ. ಮೈ ಜುಂ ಅಂದಿತು. ಅಲ್ಲಿ ಏನೂ ಇಲ್ಲ, ಬರೀ ಖಾಲಿ. ಆ ಖಾಲಿಗೆ ಇಷ್ಟು ಬಲ ಎಲ್ಲಿಂದ ಬಂತು?

“ಎಳೀತಿದೆಯಾ?” ಮೇಡಂ ನನ್ನ ಮುಂದೆ ಬಂದು, ಮುಖಕ್ಕೆ ಮುಖ ಕೊಟ್ಟು ಕೇಳಿದರು. ಅವರು ಬೆಳಿಗ್ಗೆಯಿಂದ ಹಾಗೆಯೇ ಮಾತಾಡುತ್ತಿದ್ದರು, ಬಿಡಿಸಿ ಬಿಡಿಸಿ. ಕಾರ್ಖಾನೆಯ ಗದ್ದಲದಲ್ಲಿ ಆದ ಅಭ್ಯಾಸ ಇರಬೇಕು ಅಂದುಕೊಂಡೆ.

“ಬಿಡ್ತಾನೇ ಇಲ್ಲ ಮೇಡಂ.”

“ಹಾಗಿದ್ರೆ ಪೈಪ್ ಸರಿಯಾಗಿದೆ. ಡಬ್ಬಿ ಏನ್ ಹೇಳ್ತಿದೆ ನೋಡೋಣ. ಮಲ್ಟಿಮೀಟರ್ ಇದೆಯಾ?”

ಪೈಪನ್ನು ಮತ್ತೆ ಡಬ್ಬಿಗೆ ಸಿಕ್ಕಿಸಿ, ಅವರು ಹೇಳಿದ ವೈರಿಗೆ ಮೀಟರಿನ ಮುಳ್ಳು ಚುಚ್ಚಿದೆ. ಒಂದು ನಂಬರ್ ಬಂತು. ಎಂಜಿನ್ ಆರಿಸಿ ಬರೀ ಕೀ ಹಾಕಿಸಿದರು. ಅದೇ ನಂಬರ್. ಮತ್ತೆ ಸ್ಟಾರ್ಟ್ ಮಾಡಿಸಿದರು. ಅದೇ. ಮೇಡಂ ನಕ್ಕರು.

“ನಾನು ಫ್ಯಾಕ್ಟ್ರಿಯಲ್ಲಿ ದಿನಾ ನೋಡೋದು ಇದನ್ನೇ ಪೀರಪ್ಪ. ವಿಮಾನ ಎಷ್ಟು ಎತ್ತರದಲ್ಲಿದೆ ಅಂತ ತೋರ್ಸೋ ಮೀಟರ್ ಒಳಗೂ ಇದೇ ಕೆಲಸ. ನಮ್ಮ ತಲೆ ಮೇಲಿರೋ ಗಾಳಿಗೆ ತೂಕ ಇದೆ. ಮೇಲೆ ಹೋದ ಹಾಗೆ ಗಾಳಿ ಕಮ್ಮಿ, ತೂಕನೂ ಕಮ್ಮಿ. ಈ ಡಬ್ಬಿ ಆ ತೂಕ ತೂಗತ್ತೆ. ಎಂಜಿನ್ ಆಫ್ ಇದ್ದಾಗ ಇದು ತೋರ್ಸೋದು ಬೆಂಗಳೂರಿನ ಗಾಳಿ ತೂಕ. ಇದನ್ನ ಮಂಗಳೂರಿಗೆ ತಗೊಂಡ್ ಹೋದ್ರೆ ನಂಬರ್ ಜಾಸ್ತಿ ಆಗತ್ತೆ, ಸಮುದ್ರದ ಮಟ್ಟ ಅಲ್ವಾ. ನಂದಿಬೆಟ್ಟ ಹತ್ತಿಸಿದ್ರೆ ಕಮ್ಮಿ ಆಗತ್ತೆ.”

“ಅಂದ್ರೆ ನಾವು ಎತ್ತರದಲ್ಲಿದೀವಿ ಅಂತ ಇದಕ್ಕೆ ಗೊತ್ತಾ?”

“ನಿಮಗಿಂತ, ನನಗಿಂತ ಚೆನ್ನಾಗಿ.”

ನಾನು ತಲೆ ಎತ್ತಿದೆ. ಗ್ಯಾರೇಜಿನ ತಗಡಿನ ಆಚೆ, ವೈರುಗಳ ಆಚೆ, ರಸೆಲ್ ಮಾರ್ಕೆಟ್ಟಿನ ಮಾಂಸದ ವಾಸನೆಗೆ ಸುತ್ತು ಹಾಕುವ ಹದ್ದುಗಳ ಆಚೆ ಆಕಾಶವಿತ್ತು. ದಿನಾ ಇರುವ ಆಕಾಶವೇ. ಅದು ನಮ್ಮೆಲ್ಲರ ತಲೆಯ ಮೇಲೆ ಕೂತಿದೆ, ಬಸ್ ಸ್ಟ್ಯಾಂಡಿನ ಅಷ್ಟೂ ಜನ ಅದನ್ನು ಹೊತ್ತುಕೊಂಡೇ ಓಡಾಡುತ್ತಿದ್ದಾರೆ, ಒಬ್ಬರಿಗೂ ಭಾರ ಗೊತ್ತಿಲ್ಲ. ಗೊತ್ತಿರುವುದು ಈ ಬೆಂಕಿಪೊಟ್ಟಣಕ್ಕೆ. ನಾನು ಒಂದು ವರ್ಷದಿಂದ ಇಂಥದ್ದನ್ನೇ ಎಷ್ಟೋ ಸಲ ಬೈದು ಪಕ್ಕಕ್ಕೆ ಸರಿಸಿದ್ದೆ. ನನ್ನ ಕಿವಿ ಕೇಳುತ್ತಿದ್ದದ್ದು ಬರೀ ಎಂಜಿನ್ನನ್ನು. ಇದು ಆಕಾಶವನ್ನೇ ಕೇಳುತ್ತದೆ.

ಮೇಡಂ ಮುಂದುವರಿಸಿದರು. “ಎಂಜಿನ್ ಉಸಿರೆಳೆದಾಗ ಪೈಪಲ್ಲಿ ಗಾಳಿ ತೆಳ್ಳಗಾಗತ್ತೆ. ಎಷ್ಟು ತೆಳ್ಳಗಾಯ್ತು ಅಂತ ಡಬ್ಬಿ ಹೇಳ್ಬೇಕು, ಅದನ್ನ ನೋಡಿ ಕಂಪ್ಯೂಟರ್ ಪೆಟ್ರೋಲ್ ಅಳೆದು ಹಾಕತ್ತೆ. ನಮ್ಮದು ಏನೂ ಕಮ್ಮಿ ಆಗಿಲ್ಲ ಅಂತ ಹಟ ಹಿಡಿದಿದೆ. ಹಾಗಾಗಿ ಕಂಪ್ಯೂಟರ್, ಆಕ್ಸಿಲರೇಟರ್ ಪೂರ್ತಿ ತುಳಿದು ಗಾಡಿ ಯಾವುದೋ ಘಾಟಿ ಹತ್ತುತಿದೆ ಅಂದ್ಕೊಂಡು ಪೆಟ್ರೋಲ್ ಸುರೀತಿದೆ.”

“ಪೈಪ್ ಎಳೀತಿದೆ, ಡಬ್ಬಿಗೆ ಮುಟ್ಟುತಿಲ್ಲ,” ಎಂದು ನಾನು ಡಬ್ಬಿಯನ್ನೇ ಬಿಚ್ಚಿ ಬೆಳಕಿಗೆ ತಂದೆ.

ಡಬ್ಬಿಯ ಹಣೆಯ ಮೇಲೆ ಅಚ್ಚುಕಟ್ಟಾಗಿ ವಿಭೂತಿಯ ಮೂರು ಪಟ್ಟೆ. ತಿರುಗಿಸಿ ನೋಡಿದರೆ ಪೈಪು ಸೇರುವ ಮೂತಿಯ ಸಣ್ಣ ತೂತಿನಲ್ಲೂ ಬೆಳ್ಳಗೆ ಗಟ್ಟಿ ಕಟ್ಟಿತ್ತು. ಮೂವರೂ ಟೈರಿನ ಕಡೆ ತಿರುಗಿದೆವು.

“ಹೌದ್ರಿ, ನಾನಽ ಹಚ್ಚೀನಿ,” ಅಂದರು ಅಯ್ಯನವರು, ಒಂದಿಷ್ಟೂ ಅಳುಕಿಲ್ಲದೆ. “ಪೈಪ್ ಕಿತ್ತಿ ನೋಡಿದ್ರ ಮೂಗಿನಂಗ ಕಾಣಿಸ್ತು. ನೀರಾಗ ಕಲಸಿದ ವಿಭೂತಿ ಒಂದು ಬೊಟ್ಟು ಒಳಗಿಟ್ಟು ಮತ್ತ ಪೈಪ್ ಹಾಕೀನಿ. ಮಗಳು ದಿನಾ ಓಡಾಡೋ ಗಾಡಿ. ಎಲ್ಲಕ್ಕೂ ಹಚ್ಚಿ ಉಸಿರಾಡೋ ಜಾಗಕ್ಕ ಬಿಟ್ರ ಹ್ಯಾಂಗ್ರಿ?”

“ಅಪ್ಪಾ, ಮೇಲೆ ಹಚ್ಚಿದ್ರೆ ಸಾಕಾಗ್ತಿರಲಿಲ್ವಾ?” ಮೇಡಂ ಹಣೆ ಚಚ್ಚಿಕೊಂಡರು.

ಬೇರೆ ಯಾರಾದರೂ ಈ ಕೆಲಸ ಮಾಡಿದ್ದರೆ ಅವತ್ತು ನನ್ನ ಬಾಯಿಂದ ಅವರ ವಂಶದ ಪೂಜೆ ಆಗಿಬಿಡುತ್ತಿತ್ತು. ಆದರೆ ಇವರನ್ನು ಏನಂತ ಬೈಯಲಿ? ನಮ್ಮಪ್ಪನೂ ನೇಗಿಲಿನ ಒಂದು ಸಂದು ಬಿಡದೆ ವಿಭೂತಿ ತೀಡುತ್ತಿದ್ದ. ಅದೂ ಅಲ್ಲದೆ ಉಸಿರಾಡುವ ಜಾಗ ಅಂತ ಈ ಮುದುಕರಿಗೆ ನೋಡಿದ ಕೂಡಲೇ ಹೊಳೆದಿತ್ತು, ನನಗೆ ಹೊಳೆದಿರಲಿಲ್ಲ.

ಪಿನ್ನು ಹಾಕಿ ಕೆದಕುವ ಹಾಗಿರಲಿಲ್ಲ, ಒಳಗಿನ ತೆಳು ಪೊರೆ ಹರಿದರೆ ಮುಗಿಯಿತು. ಒದ್ದೆ ಬೇರೆ ಒಳಗೆ ಇಳಿದಿತ್ತು. ಹಾಗಂತ ವಿಭೂತಿ ಇರುವ ಡಬ್ಬಿಯನ್ನು ಆಯಿಲ್ ನೆಲದ ಮೇಲೆ ಎಸೆಯಲು ಕೈ ಬರಲಿಲ್ಲ. ಅಯ್ಯನವರು ಅದನ್ನು ಇಸಿದುಕೊಂಡು ವಸ್ತ್ರದ ತುದಿಯಲ್ಲಿ ಗಂಟು ಹಾಕಿಕೊಂಡರು. ನಾನು ಗುಜರಿ ಸಾಲಿನ ಶಂಶುನ್ನೀಸಾ ಅಕ್ಕನ ಅಂಗಡಿಗೆ ಹೋಗಿ, ಗುದ್ದಿಸಿಕೊಂಡು ಬಂದಿದ್ದ ಅದೇ ಮಾಡೆಲ್ ಗಾಡಿಯ ಸೆನ್ಸರ್ ಬಿಚ್ಚಿಸಿಕೊಂಡು ಬಂದೆ.

“ಇದು ಸರಿ ಇದೆ ಅಂತ ಹೇಗೆ ಗೊತ್ತು?” ಅಂದ ಅಕ್ತರ್ ಭಾಯ್.

“ಸುಲಭ. ವೈರ್ ಹಾಕಿ ಬಾಯಲ್ಲಿ ಎಳೀರಿ,” ಅಂದರು ಮೇಡಂ.

ಮೂತಿಯನ್ನು ಬಟ್ಟೆಯಲ್ಲಿ ಒರೆಸಿ ತುಟಿಗಿಟ್ಟುಕೊಂಡು ಎಳೆದೆ. ಮೀಟರಿನ ನಂಬರ್ ಸರ್ರನೆ ಇಳಿಯಿತು. ಬಿಟ್ಟೆ, ಮತ್ತೆ ಆಕಾಶದ ನಂಬರಿಗೆ ಬಂದು ನಿಂತಿತು. ಮೆಲ್ಲಗೆ ಎಳೆದರೆ ಮೆಲ್ಲಗೆ, ಜೋರಾಗಿ ಎಳೆದರೆ ಜೋರಾಗಿ. ನನ್ನ ಎದೆಗೂ ಆ ಆಕಾಶಕ್ಕೂ ಇರುವ ವ್ಯತ್ಯಾಸವನ್ನು ಅದು ತೂಕ ಹಾಕಿ ತೋರಿಸುತ್ತಿತ್ತು. ನಗು ಬಂತು. ಅಯ್ಯನವರು ಟೈರಿನಿಂದ ಎದ್ದು ಬಂದು ನನಗೂ ಕೊಡ್ರಿ ಅಂದರು. ಮಗಳು ಬೇಡ ಬೇಡ ಅನ್ನುತ್ತಿದ್ದರೂ ಕಟ್ಟಿಸಿದ ಹಲ್ಲುಗಳ ನಡುವೆ ಸಿಕ್ಕಿಸಿಕೊಂಡು ಎಳೆದರು. ನಂಬರ್ ಸ್ವಲ್ಪವೇ ಇಳಿಯಿತು.

“ನನ್ನ ಉಸಿರಿಗೂ ಇದ್ರ ಹಂತ್ಯಾಕ ಜಾಗ ಅದ ನೋಡ್ರಿ,” ಎಂದು ಅವರು ಮೀಟರನ್ನೇ ದಿಟ್ಟಿಸುತ್ತ ನಿಂತರು.

ಹಳೆಯ ಪೈಪು ಎಂಜಿನ್ನಿನ ಕಾವಿಗೆ ಸೆಟೆದುಕೊಂಡಿತ್ತು, ಅದನ್ನೂ ಬದಲಾಯಿಸೋಣ ಅಂದೆ. ಅಕ್ತರ್ ಭಾಯ್ ಮೀನಿನ ತೊಟ್ಟಿಗೆ ಹಾಕುವ ತೆಳು ಪೈಪು ತಂದ. “ಇದು ಆಗಲ್ಲ ಭಾಯ್. ಎಂಜಿನ್ ಹೆಂಗೆ ಎಳೀತದೆ ಅಂತ ನನ್ನ ಬೆರಳಿಗೆ ಗೊತ್ತು. ಬಿಸಿಯಾದ್ರೆ ಇದು ಚಪ್ಪಟೆ ಆಗಿ ಅಂಟಿಕೊಳ್ತದೆ,” ಎಂದು ದಪ್ಪ ಗೋಡೆಯ ಗಟ್ಟಿ ಪೈಪು ಹುಡುಕಿ, ಎಲ್ಲೂ ಜೋಲದ ಹಾಗೆ ಗಿಡ್ಡಗೆ ಕತ್ತರಿಸಿದೆ. ಸೆನ್ಸರನ್ನು ಎಂಜಿನ್ನಿಗಿಂತ ಮೇಲೆ, ಮೂತಿ ಕೆಳಕ್ಕೆ ಮಾಡಿ ಕೂರಿಸಿದೆ. ಪೆಟ್ರೋಲಿನ ತೇವ ಹತ್ತಿದರೂ ಜಾರಿ ವಾಪಸು ಇಳಿಯಲಿ ಅಂತ.

ಮೇಡಂ ಸ್ಟಾರ್ಟ್ ಮಾಡಿದರು. ಕಾಲು ತೆಗೆದರು. ಗಾಡಿ ನಿಲ್ಲಲಿಲ್ಲ. ಹೊಗೆಯೂ ಇಲ್ಲ. ಮೀಟರಿನ ನಂಬರ್ ಕೆಳಗಿಳಿದು ಕೂತಿತ್ತು. ಅಕ್ತರ್ ಭಾಯ್ ತನ್ನ ಟೀ ಗ್ಲಾಸನ್ನು ಎಂಜಿನ್ನಿನ ಮೇಲೆ ಇಟ್ಟ. ಅದು ನಮ್ಮ ಗ್ಯಾರೇಜಿನ ಪರೀಕ್ಷೆ, ಟೀ ಅಲುಗಬಾರದು.

ಟೀ ಅಲುಗುತ್ತಿತ್ತು. ಬಹಳ ಅಲ್ಲ, ಅಂಚಿನಲ್ಲಿ ಸಣ್ಣ ಸಣ್ಣ ಉಂಗುರ.

ಅಕ್ತರ್ ಭಾಯ್ ನನ್ನ ಎದುರಿಗೆ ಬಂದು ನಿಂತ. “ಎಲ್ಲೋ ಸೂ ಅಂತಿದೆ ಪೀರಪ್ಪ. ಎಲ್ಲಿ ಅಂತ ಹೇಳು.”

ಮೇಡಮ್ಮಿಗೆ ಕೇಳಿಸುತ್ತಿತ್ತು, ತಲೆ ಓರೆ ಮಾಡಿದ್ದರು. ಅಯ್ಯನವರಿಗೂ ಕೇಳಿಸುತ್ತಿತ್ತು. ಸ್ಕ್ರೂಡ್ರೈವರ್ ಕಾಲ ಬುಡದಲ್ಲೇ ಬಿದ್ದಿತ್ತು, ಎತ್ತಿ ಕಿವಿಗಿಟ್ಟು ಇನ್ನೊಂದು ಸಲ ಗುರುಗುಟ್ಟಿ ಜಾರಿಕೊಳ್ಳಬಹುದಿತ್ತು. ಆದರೆ ಬೆಳಿಗ್ಗೆಯಿಂದ ನೋಡಿದ್ದೆಲ್ಲ ಆದ ಮೇಲೆ ಆ ನಾಟಕ ನನಗೇ ಹೇಸಿಗೆ ಅನ್ನಿಸಿತು. ಈ ಡಬ್ಬಿ ತನಗೆ ಮುಟ್ಟಿದ್ದನ್ನು ಮುಟ್ಟಿದಷ್ಟೇ ಹೇಳುತ್ತದೆ. ನಾನು ಮುಟ್ಟದ್ದನ್ನು ಮುಟ್ಟಿತು ಅಂತ ಎಷ್ಟು ದಿನ ಹೇಳಲಿ?

“ಭಾಯ್, ನನಗೆ ಕೇಳ್ಸಲ್ಲ,” ಅಂದೆ. “ಒಂದು ವರ್ಷ ಆಯ್ತು. ಕಿವಿ ಹೋಗಿದೆ.”

ಭೂಮಿ ಬಾಯಿ ಬಿಡಲಿಲ್ಲ. ಅಕ್ತರ್ ಭಾಯ್ ಗಡ್ಡ ಸವರಿಕೊಂಡು, “ಬೆರಳಿದೆಯಲ್ಲ. ಹುಡುಕು,” ಅಂದ.

ಬೆರಳನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಂಡು ಒಂದೊಂದೇ ಪೈಪಿನ ಮೈಮೇಲೆ ಸರಿಸಿದೆ. ಬಿಸಿ, ಬಿಸಿ, ಬಿಸಿ. ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ ಒಂದು ಕವಲು ಪೈಪಿನ ಬುಡದಲ್ಲಿ ಬೆರಳ ತುದಿಗೆ ಕೂದಲೆಳೆಯಷ್ಟು ತಣ್ಣಗೆ ತಾಗಿತು. ಹೊರಗಿನ ಗಾಳಿ ಅಲ್ಲಿಂದ ಒಳಗೆ ನುಗ್ಗುತ್ತಿತ್ತು. ಶಿವಾಜಿನಗರದ ಆಕಾಶ ಆ ಬಿರುಕಿನಲ್ಲಿ ತೂರಿಕೊಂಡು ಹೋಗುತ್ತಿದೆ ಎಂದು ಆ ಕ್ಷಣ ನನಗೆ ಅನ್ನಿಸಿದ್ದು ನಿಜ. ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಟೀ ಗ್ಲಾಸಿನ ಉಂಗುರಗಳು ಒಂದೊಂದಾಗಿ ಸತ್ತವು. ಟೀಯಲ್ಲಿ ತಗಡಿನ ಸಂದಿನ ಬೆಳಕು ಅಲುಗದೆ ನಿಂತಿತು. ನಾನು ಬೆರಳು ತೆಗೆಯಲು ಮನಸ್ಸಿಲ್ಲದೆ ಹಾಗೆಯೇ ಹಿಡಿದುಕೊಂಡಿದ್ದೆ.

ಆ ಪೈಪೂ ಬದಲಾಯಿತು. ಹೊರಡುವಾಗ ಅಯ್ಯನವರು ವಸ್ತ್ರದ ಗಂಟು ಬಿಚ್ಚಿ, ಆ ಹಳೇ ಡಬ್ಬಿಯ ಹಣೆಯಿಂದಲೇ ಒಂದಿಷ್ಟು ವಿಭೂತಿ ತೆಗೆದು ನನ್ನ ಹೆಬ್ಬೆರಳಿಗೆ ಹಚ್ಚಿದರು. “ಇಲ್ಲಿ ಹಚ್ಚಿದ್ರ ಏನೂ ಕಟ್ಟಿಕೊಳ್ಳಂಗಿಲ್ಲಲ್ಲ?” ಎಂದು ಮಗಳನ್ನು ಕೇಳಿ ಗಾಡಿ ಹತ್ತಿದರು.

ಗಾಡಿ ಗಲ್ಲಿ ದಾಟಿದ ಮೇಲೆ ನಾನು ಟೂಲುಗಳನ್ನು ಒರೆಸಿ ಇಡುತ್ತಿದ್ದೆ. ನಾಳೆಯಿಂದ ಬರಬೇಡ ಅನ್ನುತ್ತಾನೆ, ಹೇಗೆ ಅನ್ನುತ್ತಾನೋ ಎಂದು ಕಾಯುತ್ತಿದ್ದೆ. ಅಕ್ತರ್ ಭಾಯ್ ಬಂದು ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತ.

“ನೀನು ಹೇಳೋ ಮೊದ್ಲೇ ಗೊತ್ತಿತ್ತು,” ಅಂದ.

“ಯಾವಾಗ?”

“ಬೆಳಿಗ್ಗೆ. ನೀನು ಬಗ್ಗಿ ಹಿಡಿ ಕಿವಿಗಿಟ್ಟೆಯಲ್ಲ, ಆಗ್ಲೇ ಮೇಡಂ ಕಾಲು ಜಾರಿ ಗಾಡಿ ನಿಂತುಹೋಯ್ತು. ನೀನು ಕಣ್ಣು ಮುಚ್ಕೊಂಡು ಕೇಳ್ತಾನೇ ಇದ್ದೆ. ನಾನು ಕೂಗೋಕೆ ಹೋದೆ, ಅಯ್ಯನೋರು ನನ್ನ ಕೈ ಹಿಡ್ಕೊಂಡು ಬೇಡ ಅಂದ್ರು. ಮೇಡಂ ಇಳಿದು ನಿನ್ನ ಮುಂದೆ ಬಂದು ನಿಂತ್ಕೊಂಡ್ರು. ಮೂರು ಜನಾನೂ ಕಾದ್ವಿ.”

“ಸುಳ್ಳು,” ಎಂದು ರೇಗಿದೆ. “ಗಾಡಿ ಓಡ್ತಿತ್ತು. ಹಿಡಿ ನಡುಗ್ತಾ ಇತ್ತು. ಎಲುಬಿಗೆ ತಾಗ್ತಿತ್ತು ನನಗೆ.”

ಅವನು ನನ್ನ ಬಲಗೈಯನ್ನು ನೋಡಿದ. ನಾನೂ ನೋಡಿದೆ. ಆಮೇಲೆ ನನಗೆ ಅರ್ಥವಾಯಿತು. ಎಂಜಿನ್ ಎಂದುಕೊಂಡು ಅಷ್ಟು ಹೊತ್ತು ನಾನು ಕಿವಿಗೊಟ್ಟು ಕೇಳಿದ್ದು ನನ್ನ ಕೈಯ ಹೆದರಿಕೆಯನ್ನು. ಅಲ್ಲಿ ನಡುಗುತ್ತಿದ್ದದ್ದು ನಾನೊಬ್ಬನೇ.

ಈಗ ಕೈ ನೆಟ್ಟಗಿತ್ತು. ಹೆಬ್ಬೆರಳಿನ ಮೇಲೆ ವಿಭೂತಿ ಒಣಗಿ ಬೆಳ್ಳಗಾಗಿತ್ತು.

“ನಾಳೆ ಹಲಸೂರಿನಿಂದ ಇನ್ನೊಂದು ಇಂಜೆಕ್ಷನ್ ಗಾಡಿ ಬರ್ತಿದೆ,” ಎಂದು ಅಕ್ತರ್ ಭಾಯ್ ಎದ್ದ. “ನೀನೇ ನೋಡ್ಬೇಕು. ಬರೋವಾಗ ಬೌರಿಂಗ್‌ನಲ್ಲಿ ಕಿವಿ ತೋರಿಸ್ಕೊಂಡ್ ಬಾ, ಹುಸೇನಮ್ಮನ್ನೂ ಕರ್ಕೊಂಡ್ ಹೋಗು.”